ಮ್ಯೂಸಿಯಂ ವೆಬ್‌ಸೈಟ್‌: ಮೇಷ್ಟ್ರಿಗೆ ಬೇಕಾದ್ದು ಬೇಗ ಸಿಗಲು ಹೀಗೆ ಮಾಡಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲಿದೆ. ಸುಮಾರು ಕ್ರಿ.ಶ. 950ರದ್ದು. ಕಾಡುಹಂದಿಯ ಜೊತೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಕಥೆ ಅದರಲ್ಲಿದೆ. ರಾಷ್ಟ್ರಕೂಟರು ಚೋಳರನ್ನು ಗೆದ್ದ ತಕ್ಕೋಲದ ಯುದ್ಧದ ಮಾತೂ ಇದೆ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ? ಆದರೆ ಮೇಷ್ಟ್ರು ‘ನಾಯಿ ಶಾಸನ’ ಎಂದು ಹುಡುಕುತ್ತಾರೆ. ಇಂಥ ಸಾಮಗ್ರಿ ‘ಪ್ರಕಟಣೆಗಳು’ ಎಂಬ ಮೆನುವಿನಲ್ಲಿ ಅಡಗಿದ್ದರೆ ಅವರಿಗೆ ಸಿಗುವುದೇ ಇಲ್ಲ.

1. ಬಣ್ಣ, ಬ್ಯಾನರ್ ಆಮೇಲೆ. ಮೊದಲು ಇರುವ ಸಾಮಗ್ರಿಯನ್ನೆಲ್ಲ ಪಟ್ಟಿ ಮಾಡಿ. ಸೈಟಿನ ಹುಡುಕು ಪೆಟ್ಟಿಗೆಯಲ್ಲಿ ಜನ ಏನು ಟೈಪ್ ಮಾಡಿದ್ದಾರೆ, ಯಾವುದಕ್ಕೆ ಏನೂ ಸಿಕ್ಕಿಲ್ಲ ಎಂದು ನೋಡಿ.

2. ಸಾಮಗ್ರಿಗಳ ಹೆಸರನ್ನು ಚೀಟಿಗಳಲ್ಲಿ ಬರೆದು ಕೆಲವು ಶಿಕ್ಷಕರ ಮುಂದಿಡಿ. ಅವರೇ ಗುಂಪು ಮಾಡಲಿ, ಗುಂಪಿಗೆ ಹೆಸರೂ ಇಡಲಿ. ಮ್ಯೂಸಿಯಂನವರು ಶಿಲ್ಪ, ನಾಣ್ಯ, ಶಾಸನ ಎಂದು ವಿಂಗಡಿಸುತ್ತಾರೆ. ಶಿಕ್ಷಕರಿಗೆ ಬೇಕಾಗುವುದು ತರಗತಿ ಮತ್ತು ಪಾಠ.

3. ಮುಖಪುಟದಲ್ಲೇ ‘ಶಿಕ್ಷಕರಿಗೆ’ ಎಂಬ ಕೊಂಡಿ ಇರಲಿ. ಒಳಗೆ ತರಗತಿ, ಪಾಠ, ಭಾಷೆ, ಚಟುವಟಿಕೆಗೆ ಬೇಕಾದ ಸಮಯ, ಇಷ್ಟರಿಂದ ಸೋಸಿಕೊಳ್ಳುವಂತಿರಲಿ.

4. ಕನ್ನಡದ ಸೈಟುಗಳು ಜಾಸ್ತಿ ಎಡವುವುದು ಇಲ್ಲಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವೇ. ಕಂಪ್ಯೂಟರ್‌ಗೆ ಮಾತ್ರ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಹಾಗಾಗಿ ಹುಡುಕಾಟಕ್ಕೆ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ, ಗೊತ್ತಾಗುತ್ತದೆ. ಅಂಥದ್ದನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಸ್ಕ್ಯಾನ್ ಪ್ರತಿಯಾದರೆ ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರ್ ಓದಿ ಪಠ್ಯವಾಗಿಸುವುದು) ಮಾಡಿಸಿ, ಆಮೇಲೆ ಒಬ್ಬರು ಕೂತು ಒತ್ತಕ್ಷರಗಳನ್ನು ತಿದ್ದಲೇಬೇಕು. ಯೂನಿಕೋಡ್ ಪಿಡಿಎಫ್‌ನಲ್ಲೂ ಕನ್ನಡ ಕೆಲವೊಮ್ಮೆ ಕೆಡುತ್ತದೆ. ಅದಕ್ಕೇ ಪ್ರತಿ ಸಾಮಗ್ರಿಗೂ ಒಂದು ವೆಬ್ ಪುಟ ಮಾಡಿ, ಅಲ್ಲೇ ನಾಲ್ಕು ಸಾಲಿನ ಪರಿಚಯ ಬರೆಯಿರಿ. ಫೈಲ್ ಎಷ್ಟು ಎಂಬಿ ಎಂದೂ ಹೇಳಿ, ಹಳ್ಳಿ ಶಾಲೆಯಲ್ಲಿ ಮೊಬೈಲ್ ಡೇಟಾದಲ್ಲೇ ತೆರೆಯಬೇಕಲ್ವಾ? ಆತಕೂರಿನ ಪುಟಕ್ಕೆ ‘ವೀರಗಲ್ಲು’ ಜೊತೆಗೆ ‘ನಾಯಿ ಕಾಳಿ’, ‘ತಕ್ಕೋಲ’, ‘ಮದ್ದೂರು’, ಇಂಗ್ಲಿಷ್ ಕಾಗುಣಿತಗಳು, ಎಲ್ಲವನ್ನೂ ಹುಡುಕುಪದವಾಗಿ ಸೇರಿಸಿ.

5. ಒಬ್ಬ ಶಿಕ್ಷಕಿಯ ಕೈಗೆ ಫೋನ್ ಕೊಟ್ಟು, ‘ನಾಳೆ ರಾಷ್ಟ್ರಕೂಟರ ಪಾಠ, ಒಂದು ಚಟುವಟಿಕೆ ಹುಡುಕಿ’ ಎನ್ನಿ. ದಾರಿ ತೋರಿಸಬೇಡಿ, ಸುಮ್ನೆ ನೋಡಿ. ಮೊದಲು ಒತ್ತಿದ್ದು ಎಲ್ಲಿ ಎಂದು ಬರೆದಿಟ್ಟುಕೊಳ್ಳಿ. ಹಲವರು ಒಂದೇ ಕಡೆ ದಾರಿ ತಪ್ಪಿದರೆ ಆ ಮೆನುವಿನ ಹೆಸರು ಬದಲಿಸಿ.

6. ಹೊಸ ಸೈಟ್ ಬಿಡುವ ದಿನ ಹಳೆಯ ಕೊಂಡಿಗಳೆಲ್ಲ ಹೊಸ ಪುಟಕ್ಕೇ ಹೋಗುವಂತೆ 301 ರಿಡೈರೆಕ್ಟ್ ಹಾಕಿಸಿ. ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವುದು ಆ ಹಳೆಯ ಕೊಂಡಿಗಳೇ.