ಓದಲು ತಡವರಿಸುವ ಮಗು: ಮಲೆನಾಡಿನ ಕ್ಲಿನಿಕ್ಕಿನಲ್ಲಿ ನಾನು ಪರೀಕ್ಷೆ ಮಾಡುವ ಕ್ರಮ

"ಓದೋದೇ ಇಲ್ಲ" ಎಂದು ಶಾಲೆಯವರು ಕಳಿಸಿದ ಮಗು ಬಂದಾಗ ಪರೀಕ್ಷೆಯ ಪೆಟ್ಟಿಗೆ ತೆರೆಯುವ ಮೊದಲು ಹಾಜರಿ ಕೇಳುತ್ತೇನೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆರಜೆ, ತುಂಬಿದ ಹಳ್ಳ, ಜ್ವರ ಎಂದು ಒಂದನೇ ತರಗತಿಯ ಮೊದಲ ಪಾಠಗಳೇ ತಪ್ಪಿರುತ್ತವೆ. ಪಾಠ ಸಿಗದ ಮಗುವಿಗೆ ಕಲಿಕಾ ನ್ಯೂನತೆಯ (ಬುದ್ಧಿ ಸರಿಯಿದ್ದೂ ಓದು, ಬರಹ ಅಥವಾ ಲೆಕ್ಕ ಹತ್ತದ ಸ್ಥಿತಿ) ಹಣೆಪಟ್ಟಿ ಹಚ್ಚುವುದು ಅನ್ಯಾಯ. ಆಮೇಲೆ ಕಣ್ಣು, ಕಿವಿಯ ತಪಾಸಣೆ. ನೆಗಡಿ ಬಿಡದ ಮಕ್ಕಳಲ್ಲಿ ಮಧ್ಯಕಿವಿಯಲ್ಲಿ ನೀರು ನಿಂತರೆ ಕೇಳಿಸುವುದು ಮಂದವಾಗುತ್ತದೆ. ಹೊರಗಿನಿಂದ ಅದು ಗಮನವಿಲ್ಲದಂತೆ ಕಾಣುತ್ತದೆ.

ಪರೀಕ್ಷೆ ಬೆಳಗ್ಗೆ, ತಿಂಡಿಯಾದ ಮೇಲೆ, 45 ನಿಮಿಷದ ಎರಡು ಸರದಿಯಲ್ಲಿ. ಸಾಗರದಿಂದ ಬಸ್ಸಿನಲ್ಲಿ ಬಂದ ಮಗುವಿಗೆ ಅರ್ಧ ಗಂಟೆ ಆಟಕ್ಕೆ ಬಿಡುತ್ತೇನೆ. ಅಮ್ಮ ಕೂರುವುದು ಮಗುವಿನ ಬೆನ್ನ ಹಿಂದೆ. ಎದುರಿಗಿದ್ದರೆ ಅವರ ತಲೆ ತಾನಾಗಿಯೇ ಆಡುತ್ತದೆ, ಮಗು ಅದನ್ನೇ ನೋಡಿ ಉತ್ತರ ಹೇಳುತ್ತದೆ.

ಮೊದಲು ಸೆಗ್ವಿನ್ ಫಾರ್ಮ್ ಬೋರ್ಡ್: 10 ಮರದ ಆಕಾರಗಳು, ಮೂರು ಸಲ ಜೋಡಣೆ. ಮಾತು ಬೇಡದ್ದರಿಂದ ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ ಆಡುವ ಮಗುವೂ ಹಗುರಾಗುತ್ತದೆ. ನಂತರ ವಿ. ವಿ. ಕಾಮತ್ 1930ರ ದಶಕದಲ್ಲಿ ರೂಪಿಸಿದ ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆ. 10 ವರ್ಷದವರೆಗೆ ಪ್ರತಿ ವರ್ಷಕ್ಕೆ ಆರು ಪ್ರಶ್ನೆ, ಸರಿಯುತ್ತರ ಒಂದೊಂದಕ್ಕೆ 2 ತಿಂಗಳ ಮಾನಸಿಕ ವಯಸ್ಸು. ಹೊಸಬರು ಎಡವುವುದು ಬುಡದಲ್ಲಿ. ಮಗು ಆರಕ್ಕೆ ಆರೂ ಸರಿ ಹೇಳುವ ವಯಸ್ಸು ಸಿಗುವತನಕ ಕೆಳಗಿಳಿಯಬೇಕು. ಇಳಿಯದಿದ್ದರೆ ಮಾನಸಿಕ ವಯಸ್ಸಿನ ಲೆಕ್ಕವೇ ತಪ್ಪುತ್ತದೆ. ಅದರ ಮಾನದಂಡಗಳು ಹಳೆಯವು, ಹಾಗಾಗಿ ಬರೀ ಆ ಒಂದು ಅಂಕೆಯ ಮೇಲೆ ನಾನು ತೀರ್ಮಾನ ಬರೆಯುವುದಿಲ್ಲ.

ನಿಜವಾದ ಸುಳಿವು ಇರುವುದು ಓದಿನ ತಪ್ಪುಗಳಲ್ಲಿ. ಪ್ರತಿ ತಪ್ಪನ್ನೂ ಮಗು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೇನೆ: ದೀರ್ಘ ಹೋಗಿ "ಕಾಲು" "ಕಲು" ಆಯಿತೇ, ಒತ್ತು ಬಿಟ್ಟು "ಅಕ್ಕಿ" "ಅಕಿ" ಆಯಿತೇ? "ಭಾರ"ವನ್ನು "ಬಾರ" ಎಂದರೆ ಎಣಿಸುವುದಿಲ್ಲ, ಮನೆಮಾತಿನಲ್ಲೇ ಮಹಾಪ್ರಾಣ ಇಲ್ಲದಿರಬಹುದು. ಕನ್ನಡದ ಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಹತ್ತಲು ನಾಲ್ಕನೇ ತರಗತಿವರೆಗೂ ಬೇಕಾಗುತ್ತದೆಂದು ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಇಂಗ್ಲಿಷಿನ 26 ಅಕ್ಷರದ ಅಳತೆಗೋಲು ಇಲ್ಲಿ ನಡೆಯದು. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೂ ಕನಿಷ್ಠ ವಯಸ್ಸು 8.

ಇದೇ ಹಾಳೆಗಳು ಸಂಶೋಧನೆಗೆ ಬೇಕೆಂದರೆ ಮೊದಲ ದಿನದಿಂದಲೇ ಎಲ್ಲರಿಗೂ ಅದೇ ಪದಪಟ್ಟಿ, ಅದೇ ಸಮಯ. ಅಂಕವನ್ನು ಇಬ್ಬರು ಬೇರೆ ಬೇರೆ ಕೂತು ಹಾಕಬೇಕು. ಪೋಷಕರ ಸಹಿಯ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆಯೂ ಬೇಕು. "ಬೇಡ" ಎಂದರೆ ಅಲ್ಲಿಗೆ ಬಿಡಬೇಕು. ನಮ್ಮಲ್ಲಿ ಪಾಠ ಹೇಳಿಸಿಕೊಂಡ ಮಕ್ಕಳ ಆರು ತಿಂಗಳ ಮರುಪರೀಕ್ಷೆ ಅಡಿಕೆ ಕೊಯ್ಲಿನ ನಡುವೆ ಬಿದ್ದರೆ ಹೆಚ್ಚಿನವರು ಬರುವುದಿಲ್ಲ. ಸುಧಾರಿಸಿದ ಮಕ್ಕಳೂ ಬರುವುದಿಲ್ಲ, ಅವರು ಲೆಕ್ಕಕ್ಕೆ ಸಿಗದೆ ನಮ್ಮ ಪಾಠಕ್ರಮ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತದೆ. ಅದಕ್ಕೇ ಮೊದಲ ಭೇಟಿಯಲ್ಲೇ, ಅವರ ಮನೆಯ ಕೊಯ್ಲು ಯಾವಾಗ ಎಂದು ಕೇಳಿಕೊಂಡು ದಿನ ಗೊತ್ತು ಮಾಡುತ್ತೇನೆ.