ಬೊಂಡ ಎಷ್ಟು ಕುಡಿದಿರಿ?

ಹಾರ್ಟ್ ಫೇಲ್ಯೂರ್‌ಗೆ, ಅಂದರೆ ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಕಾಯಿಲೆಗೆ, ಯಾವ ಮಾತ್ರೆ ಕೊಡಬೇಕು ಎನ್ನುವುದರಲ್ಲಿ ಈಗ ಜಾಸ್ತಿ ಗೊಂದಲ ಇಲ್ಲ. ಹೃದಯದ ಪಂಪಿಂಗ್ ಕಡಿಮೆ ಇದ್ದವರಿಗೆ ಗೈಡ್‌ಲೈನ್ ಹೇಳುವುದು ನಾಲ್ಕು ಬಗೆ: ಬೀಟಾ ಬ್ಲಾಕರ್, ಸಕ್ಯುಬಿಟ್ರಿಲ್-ವಲ್ಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೊಜಿನ್ ಥರದ್ದು. ಹೆಚ್ಚಿನವನ್ನು ಸಣ್ಣ ಡೋಸ್‌ನಲ್ಲಿ ಶುರು ಮಾಡಿ ಏರಿಸುತ್ತಾ ಹೋಗಬೇಕು. ನಮ್ಮಲ್ಲಿ ಆ ಏರಿಸುವ ಕೆಲಸವೇ ಆಗುತ್ತಿರಲಿಲ್ಲ.

ನಾನು ಉಡುಪಿಯಲ್ಲಿ ನರ್ಸ್. ಬೈಂದೂರು, ಹೆಬ್ರಿ ಕಡೆಯವರಿಗೆ "ಹದಿನೈದು ದಿನ ಬಿಟ್ಟು ಬನ್ನಿ" ಅಂದರೆ, ಅವರು ಬರುವುದು ಕಾಲು ಊದಿ ದಮ್ಮು ಕಟ್ಟಿದ ಮೇಲೆ. ಅವರನ್ನು ಬೈದು ಏನು ಪ್ರಯೋಜನ? ಬಸ್ಸು ಹಿಡಿಯಬೇಕು, ಜೊತೆಗೊಬ್ಬರು ಬೇಕು, ಒಂದು ದಿನದ ಕೂಲಿ ಹೋಗುತ್ತದೆ.

2022ರಲ್ಲಿ ಸ್ಟ್ರಾಂಗ್-ಎಚ್‌ಎಫ್ ಎಂಬ ಅಧ್ಯಯನ ಬಂತು. 1,078 ಜನ. ಡಿಸ್ಚಾರ್ಜ್ ಆದ ಎರಡು ವಾರದೊಳಗೆ ಪೂರ್ತಿ ಡೋಸ್‌ಗೆ ಏರಿಸಿ, ಪದೇ ಪದೇ ಪರೀಕ್ಷಿಸಿದವರಲ್ಲಿ 180 ದಿನದೊಳಗೆ ಸಾವು ಅಥವಾ ಹಾರ್ಟ್ ಫೇಲ್ಯೂರ್‌ನಿಂದ ಮತ್ತೆ ಆಸ್ಪತ್ರೆಗೆ ದಾಖಲಾಗುವುದು ಶೇ. 15.2, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 23.3. ಪದೇ ಪದೇ ಬರಲಾಗದವರಿಗೆ ಫೋನಿನಲ್ಲೇ ಮಾಡಿದರೆ? ನಾನು ವಾರಕ್ಕೊಮ್ಮೆ ತೂಕ (ಮೈಯಲ್ಲಿ ನೀರು ತುಂಬಿದರೆ ಏರುತ್ತದೆ), ಬಿಪಿ, ತಲೆಸುತ್ತು ಕೇಳುವುದು. ರಕ್ತ ಪರೀಕ್ಷೆ ಹತ್ತಿರದ ಲ್ಯಾಬ್‌ನಲ್ಲಿ. ಡೋಸ್ ತೀರ್ಮಾನ ಡಾಕ್ಟರದ್ದು.

ಮೊದಲು ಒಪ್ಪಿದವರಿಗೆಲ್ಲ ಮಾಡಿದೆವು. ಎಲ್ಲರೂ ಚೆನ್ನಾಗಿದ್ದರು, ನನಗೆ ಖುಷಿಯೋ ಖುಷಿ. ಡಾಕ್ಟರು ನಕ್ಕರು. "ಫೋನ್ ಎತ್ತುವವರು ಹೇಗೂ ಮಾತ್ರೆ ನುಂಗುವವರೇ ಅಲ್ವಾ?" ಹೌದಲ್ಲ! ಆಮೇಲೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಯಾರಿಗೆ ಫೋನ್, ಯಾರಿಗೆ ಮಾಮೂಲಿ ಎಂದು ಲಕೋಟೆಯೊಳಗಿನ ಚೀಟಿ ನೋಡಿ ಸೇರಿಸಿದೆವು.

ಫೋನಿನಲ್ಲಿ ಕಾಣದ್ದು ಬಹಳ ಇದೆ. ಒಬ್ಬರ ತೂಕ ಒಂದೇ ದಿನ ಮೂರು ಕಿಲೋ ಏರಿತ್ತು. ಕೇಳಿದರೆ ತೂಕದ ಯಂತ್ರವನ್ನು ಚಾಪೆಯ ಮೇಲಿಟ್ಟಿದ್ದರು. ಇನ್ನೊಬ್ಬರು ಗಂಜಿಗೆ ಉಪ್ಪು ಬಿಟ್ಟಿದ್ದರು, ನಂಜಿಕೊಳ್ಳಲು ಮಾತ್ರ ಒಣಮೀನಿನ ಚಟ್ನಿ.

ನಿಜವಾಗಿ ಹೆದರಿಸಿದ್ದು ಮಲ್ಪೆ ಕಡೆಯ ಅಜ್ಜ. ಬಿಪಿ ಸರಿ, ತೂಕ ಸರಿ. ಪೊಟ್ಯಾಶಿಯಂ 5.9. ಅಷ್ಟಾದರೆ ಹೃದಯದ ಬಡಿತವೇ ತಪ್ಪಬಹುದು. ಅವತ್ತೇ ಕರೆಸಿ ಇಸಿಜಿ ತೆಗೆದರು, ಸ್ಪೈರೊನೊಲ್ಯಾಕ್ಟೋನ್ ನಿಲ್ಲಿಸಿದರು. ಏನು ತಿಂದಿರಿ, ಏನು ಕುಡಿದಿರಿ ಎಂದು ಕೂತು ಕೇಳಿದಾಗ ಸೊಸೆ ಹೇಳಿದರು, "ನೋಡ್ಲಿಕ್ಕೆ ಬಂದವರೆಲ್ಲ ಬೊಂಡ ತರ್ತಾರಲ್ಲ ಸಿಸ್ಟರ್. ದಿನಕ್ಕೆ ಮೂರ್ನಾಲ್ಕು ಕುಡೀತಾರೆ." ಬೊಂಡ ಅಂದರೆ ನಮ್ಮಲ್ಲಿ ಎಳನೀರು, ತುಂಬ ಪೊಟ್ಯಾಶಿಯಂ. ಈ ಮಾತ್ರೆಯೂ ಅದನ್ನು ಮೈಯಲ್ಲೇ ಉಳಿಸುತ್ತದೆ. ನೀರು, ಉಪ್ಪು ಕಡಿಮೆ ಮಾಡಿ ಎಂದು ನಾವೇ ಹೇಳಿದ್ದೆವು. ಬೊಂಡ ಬೇಡ ಎಂದು ಯಾರೂ ಹೇಳಿರಲಿಲ್ಲ. ಮುಂದಿನ ವಾರ ಪೊಟ್ಯಾಶಿಯಂ ಇಳಿಯಿತು, ಕಡಿಮೆ ಡೋಸ್‌ನಲ್ಲಿ ಮತ್ತೆ ಶುರುವಾಯಿತು. ಈಗ ನನ್ನ ಪಟ್ಟಿಯಲ್ಲಿ ತೂಕದ ಪ್ರಶ್ನೆಯ ಕೆಳಗೇ ಬೊಂಡದ ಪ್ರಶ್ನೆ.

ಲೆಕ್ಕ ಇನ್ನೂ ಬಿಡಿಸಿಲ್ಲ, ಚೀಟಿಗಳು ಉಳಿದಿವೆ. ಮಾಮೂಲಿ ಗುಂಪಿಗೆ ಬಿದ್ದ ಹೆಬ್ರಿಯ ಹೆಂಗಸೊಬ್ಬರು ಮೊನ್ನೆ ಕೇಳಿದರು, "ಪಕ್ಕದ ಬೆಡ್ಡಿನವರಿಗೆ ಫೋನ್ ಮಾಡ್ತೀರಂತೆ, ನಮಗೆ ಯಾಕಿಲ್ಲ?" ಚೀಟಿಯ ವಿಷಯ ಮತ್ತೊಮ್ಮೆ ಬಿಡಿಸಿ ಹೇಳಿದೆ. ಕಾಲು ಊದಿದರೆ, ದಮ್ಮು ಬಂದರೆ ನೀವೇ ಫೋನ್ ಮಾಡಿ, ಯಾವ ಹೊತ್ತಾದರೂ ಸರಿ ಎಂದು ವಾರ್ಡಿನ ನಂಬರ್ ಬರೆದುಕೊಟ್ಟೆ. ಅವರು ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು.