ದಿನಾ ಅರವತ್ತು ಕಿಲೋಮೀಟರ್ ಓಡಿಸೋಕೆ ಸ್ಪೋರ್ಟ್ಸ್ ಕಾರು: ಹೊಸದೋ, ಸೆಕೆಂಡ್ ಹ್ಯಾಂಡೋ?

ನನ್ನ ಮನೆ ಬಳ್ಳಾರಿಯಲ್ಲಿ, ಕೆಲಸ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ. ಹೋಗಿ ಬರೋದು ಸೇರಿ ದಿನಕ್ಕೆ ಅರವತ್ತು ಕಿಲೋಮೀಟರ್ ಹತ್ತಿರ. ದಾರಿಯಲ್ಲಿ ಕುಡತಿನಿ, ಥರ್ಮಲ್ ಪ್ಲಾಂಟಿನ ಚಿಮಣಿಗಳು, ಹಿಂದೆ ಮುಂದೆ ಅದಿರಿನ ಟಿಪ್ಪರ್‌ಗಳು. ಹನ್ನೊಂದು ವರ್ಷ ಈ ದಾರಿಯಲ್ಲಿ ಒಂದು ಡೀಸೆಲ್ ಸ್ವಿಫ್ಟ್ ಓಡಿಸಿದೆ. ನಲವತ್ತು ತುಂಬುವ ಹೊತ್ತಿಗೆ ಒಂದು ಆಸೆ ಗಟ್ಟಿಯಾಯಿತು: ದಿನಾ ಓಡಿಸೋ ಕಾರೇ ಖುಷಿ ಕೊಡಬೇಕು. ಭಾನುವಾರಕ್ಕೆ ಅಂತ ಇನ್ನೊಂದು ಕಾರು ಇಡೋಕೆ ಮನೆಯಲ್ಲಿ ಜಾಗವಿಲ್ಲ, ಕೈಯಲ್ಲಿ ದುಡ್ಡೂ ಇಲ್ಲ.

ಇಪ್ಪತ್ತು ಲಕ್ಷ ಮೀರಬಾರದು ಅಂತ ಮನೆಯಲ್ಲಿ ಮಾತಾಗಿತ್ತು. ಆ ದುಡ್ಡಿಗೆ ಏನೇನು ಬರುತ್ತದೆ ಅಂತ ಹುಡುಕಿದರೆ ತಲೆ ತಿರುಗುತ್ತದೆ. ಹೊಸ ಹುಂಡೈ ಐ20 ಎನ್ ಲೈನ್ ತಗೊಂಡರೆ ದುಡ್ಡು ಮಿಗುತ್ತದೆ. ಫೋಕ್ಸ್‌ವ್ಯಾಗನ್‌ನ ಹೊಸ ವರ್ಟಸ್ ಜಿಟಿ ಸ್ವಲ್ಪ ಕೈ ಮೀರುತ್ತದೆ. ಅದೇ ದುಡ್ಡಿಗೆ ಏಳು ವರ್ಷದ ಮಿನಿ ಕೂಪರ್ ಎಸ್ ಸಿಗುತ್ತದೆ! 2 ಲೀಟರ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸೋ ಪಂಪ್) ಎಂಜಿನ್, 192 ಹಾರ್ಸ್‌ಪವರ್. ನನ್ನ ಮನಸ್ಸು ಮೊದಲು ಹೋಗಿದ್ದು ಅದರ ಮೇಲೆ.

ಬಳ್ಳಾರಿಯ ಗಾಂಧಿನಗರದಲ್ಲೇ ಒಬ್ಬರ 2018ರ ಮಿನಿ ಮಾರಾಟಕ್ಕಿತ್ತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಡ್ಯೂಟಿ ದಾರಿಯಲ್ಲೇ ತೋರಣಗಲ್ಲಿನ ತನಕ ಹೋಗಿ ಬಂದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ, ಟೆಸ್ಟ್ ಡ್ರೈವ್ ನೀವು ದಿನಾ ಹೋಗೋ ದಾರಿಯಲ್ಲೇ ಮಾಡಿ. ಶೋರೂಂ ಮುಂದಿನ ನುಣುಪು ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಆ ಮಿನಿ ಬಾಣ ಬಿಟ್ಟಂಗೆ ಹೋಗುತ್ತಿತ್ತು. ಸ್ಟೇರಿಂಗ್ ಅಂತೂ ಅಷ್ಟು ಚುರುಕಾದದ್ದು ನಾನು ಹಿಡಿದೇ ಇರಲಿಲ್ಲ. ಆದರೆ ಹಂಪ್‌ಗಳನ್ನು ಅಡ್ಡಡ್ಡ ತಿರುಗಿಸಿ ದಾಟಬೇಕಾಯಿತು. ಲಾರಿಗಳು ತುಳಿದು ಡಾಂಬರು ತಗ್ಗಾದ ಕಡೆ ಬೆನ್ನಿಗೆ ನೇರ ಏಟು.

ವಾಪಸ್ ಬಂದು ಟೈರ್ ನೋಡಿದೆ. 205/45 ಆರ್17. ಎರಡನೇ ಅಂಕಿ ಅಂದರೆ ಟೈರಿನ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ಅದರ ಪಕ್ಕದ ಎತ್ತರ ಅಂತ. 205ರಲ್ಲಿ 45 ಪಾಲು ಅಂದರೆ 92 ಮಿಲಿಮೀಟರ್. ವರ್ಟಸ್‌ದು 205/55, ಅಂದರೆ 113. ಎರಡು ಸೆಂಟಿಮೀಟರ್ ರಬ್ಬರ್ ಅಷ್ಟೇ ವ್ಯತ್ಯಾಸ. ಅಷ್ಟು ಸಾಕು, ಗುಂಡಿಗೆ ಬಿದ್ದಾಗ ಅಲಾಯ್ ಉಳಿಯುತ್ತದೋ ಸೀಳುತ್ತದೋ ಅನ್ನೋದು ಅಲ್ಲೇ ತೀರ್ಮಾನ. ಮೇಲಾಗಿ ಅದರದ್ದು ರನ್‌ಫ್ಲಾಟ್ ಟೈರ್, ಸ್ಟೆಪ್ನಿ ಇಲ್ಲ. ಗಾಳಿ ಹೋದರೂ ನಿಧಾನಕ್ಕೆ ಎಂಬತ್ತು ಕಿಲೋಮೀಟರ್ ಹೋಗಬಹುದು, ನಿಜ. ಆದರೆ ಪಕ್ಕ ಸೀಳಿದರೆ ರಾತ್ರಿ ಹನ್ನೊಂದಕ್ಕೆ ಕುಡತಿನಿ ಹತ್ತಿರ ಆ ಟೈರ್ ಯಾರು ಕೊಡುತ್ತಾರೆ?

ಅಪ್ಪ ಒಂದು ಸುತ್ತು ಕೂತು ಇಳಿದರು. "ಗಾಡಿ ಚಲೋ ಐತಿ. ಆದ್ರ ನಿಮ್ಮವ್ವ ಇದರಾಗ ಹತ್ತಿ ಇಳೀಬೇಕಲ್ಲ?" ಅಂದರು. ಅಮ್ಮನಿಗೆ ಮೊಣಕಾಲು ನೋವು. ಮಿನಿ ಅಲ್ಲಿಗೆ ಮುಗಿಯಿತು. ಇವತ್ತಿಗೂ ಆ ಕಾರು ಊರಲ್ಲಿ ಕಂಡರೆ ನಿಂತು ನೋಡುತ್ತೇನೆ.

ಎನ್ ಲೈನ್ ಬಗ್ಗೆ ದೂರೇನಿಲ್ಲ. 1 ಲೀಟರ್ ಟರ್ಬೊ, 120 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್ ಅಷ್ಟೇ), ಹಗುರ ಕಾರು. ಬಳ್ಳಾರಿ ಒಳಗೇ ಓಡಾಟ ಇದ್ದಿದ್ದರೆ ಅದನ್ನೇ ತರುತ್ತಿದ್ದೆ. ನಾಲ್ಕು ಜನ ಕೂತು, ಎಸಿ ಹಾಕಿ, ಸಾಲು ಟಿಪ್ಪರ್‌ಗಳನ್ನು ದಾಟುವಾಗ ನನಗೆ ಇನ್ನಷ್ಟು ಎಳೆತ ಬೇಕು ಅನ್ನಿಸಿತು. ವರ್ಟಸ್‌ನ 1.5 ಎಂಜಿನ್ 150 ಪಿಎಸ್, ಎಳೆತ 250 ನ್ಯೂಟನ್ ಮೀಟರ್. ಓಡಿಸಿದ ದಿನವೇ ಕಾರು ಇದೇ ಅಂತ ಗೊತ್ತಾಯಿತು. ಉಳಿದಿದ್ದು ಹೊಸದೋ ಹಳೆಯದೋ ಅನ್ನೋದು.

ಪೇಪರ್ ತಗೊಂಡು ಲೆಕ್ಕ ಹಾಕಿದೆ. ಶೋರೂಂ ಬೆಲೆ 17 ಲಕ್ಷ ಅಂತ ಇಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ನೂರಕ್ಕೆ 17, ಆ ಟ್ಯಾಕ್ಸ್ ಮೇಲೆ ಮತ್ತೆ ನೂರಕ್ಕೆ 11 ಸೆಸ್. ಒಟ್ಟು 3 ಲಕ್ಷ 20 ಸಾವಿರ. ಕಾರು ಮಾರುವಾಗ ಈ ದುಡ್ಡು ಯಾರೂ ಬೇರೆಯಾಗಿ ಎಣಿಸಿ ಕೊಡಲ್ಲ. ಇಲ್ಲೇ ರಿಜಿಸ್ಟರ್ ಆದ ಹಳೇ ಕಾರು ತಗೊಂಡರೆ ಆ ಟ್ಯಾಕ್ಸ್ ಮೊದಲ ಮಾಲೀಕರೇ ಕಟ್ಟಿರುತ್ತಾರೆ. ಇನ್ಶೂರೆನ್ಸ್‌ನವರ ಪಟ್ಟಿಯಲ್ಲೂ ಎರಡು ವರ್ಷ ದಾಟಿದ ಕಾರಿನ ಬೆಲೆ ನೂರಕ್ಕೆ 30 ಇಳಿದಿರುತ್ತದೆ.

ಆಂಧ್ರ ಗಡಿ ನಮಗೆ ಹತ್ತಿರ, ಹಾಗಾಗಿ ಅನಂತಪುರ, ಹೈದರಾಬಾದ್ ಕಡೆಯ ಕಾರುಗಳ ಫೋಟೊ ವಾಟ್ಸಾಪ್‌ಗೆ ಬರುತ್ತಲೇ ಇರುತ್ತವೆ. ಬೆಲೆ ಕಡಿಮೆ ಕಾಣುತ್ತದೆ. ಎನ್‌ಒಸಿ (ಆ ಕಡೆ ಆರ್‌ಟಿಓದ ಒಪ್ಪಿಗೆ ಪತ್ರ), ಇಲ್ಲಿ ಮತ್ತೆ ಟ್ಯಾಕ್ಸ್, ಹೊಸ ಕೆಎ-34 ನಂಬರ್, ಆರ್‌ಟಿಓ ಓಡಾಟ, ಎಲ್ಲ ಸೇರಿಸಿದರೆ ಆ ಕಡಿಮೆ ಉಳಿಯಲ್ಲ. ಕರ್ನಾಟಕದ ನಂಬರ್ ಬಿಟ್ಟು ಬೇರೆ ನೋಡಲೇ ಇಲ್ಲ.

ಮೊದಲು ನೋಡಿದ ಕಾರು ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಇತ್ತು. ಮೀಟರ್‌ನಲ್ಲಿ 28 ಸಾವಿರ. ಪಾಲಿಶ್ ಮಾಡಿ ಕನ್ನಡಿ ತರಹ ಇಟ್ಟಿದ್ದರು. ನನ್ನ ಜೊತೆ ಬಳ್ಳಾರಿಯಿಂದ ಬಂದಿದ್ದ ಮೆಕ್ಯಾನಿಕ್ ಬಾನೆಟ್ ಕಡೆ ಹೋಗಲೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು, "ಸರ, ಬೆಲ್ಟ್ ಪೂರ್ತಿ ಎಳೀರಿ" ಅಂದ. ಎಳೆದೆ. ಕೊನೆಯ ಒಂದು ಮೊಳದಲ್ಲಿ ಕೆಂಪು ಧೂಳಿನ ಗೆರೆ. ಸಂಡೂರು ಕಡೆ ಓಡಾಡಿದವರಿಗೆ ಆ ಬಣ್ಣ ಹೇಳಿಕೊಡಬೇಕಿಲ್ಲ. ಸ್ಟೆಪ್ನಿ ಎತ್ತಿದರೆ ತಳದಲ್ಲೂ ಅದೇ ಕೆಂಪು. ಬ್ರೇಕ್ ಪೆಡಲ್‌ನ ರಬ್ಬರ್ ಸವೆದು ನುಣ್ಣಗಾಗಿತ್ತು. ಟೈರ್ ಮೇಲಿನ ನಾಲ್ಕು ಅಂಕಿ 1424, ಅಂದರೆ 2024ರ ಹದಿನಾಲ್ಕನೇ ವಾರದ್ದು. ಕಾರು 2022ರದ್ದು. 28 ಸಾವಿರಕ್ಕೆ ನಾಲ್ಕೂ ಟೈರ್ ಯಾಕೆ ಬದಲಾಯಿತು? ಸರ್ವಿಸ್ ಸೆಂಟರ್‌ನಲ್ಲಿ ಕೇಳಿದಾಗ ಕೊನೆಯ ಸರ್ವಿಸ್ 61 ಸಾವಿರಕ್ಕೆ ಆಗಿತ್ತು. ಗಣಿ ಕಡೆ ದುಡಿದ ಕಾರನ್ನು ಬೆಂಗಳೂರಿನಲ್ಲಿ ತೊಳೆದು ನನಗೇ ಮಾರೋಕೆ ಹೊರಟಿದ್ದರು. ಬಹಳ ಸಿಟ್ಟು ಬಂತು. ಅಡ್ವಾನ್ಸ್ ಕೊಟ್ಟಿರಲಿಲ್ಲ, ಅದೊಂದೇ ಸಮಾಧಾನ.

ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ಎನ್ ಲೈನ್ ತರಹದ ಚಿಕ್ಕ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ನೂರಕ್ಕೆ 29 ಇದ್ದದ್ದು 18ಕ್ಕೆ ಇಳಿಯಿತು. ವರ್ಟಸ್ 1.5ಕ್ಕೆ 45 ಇದ್ದದ್ದು 40. ಹೊಸದರ ಬೆಲೆ ಇಳಿದ ಮೇಲೆ ಹಳೇದೂ ಇಳಿಯಬೇಕಲ್ವಾ? ಮಾರೋರು ಮಾತ್ರ ಹಳೇ ಬೆಲೆಯನ್ನೇ ಹಿಡಿದಿದ್ದರು. ಆಯುಧ ಪೂಜೆ ಮುಗಿಯೋ ತನಕ ಸುಮ್ನೆ ಇದ್ದೆ. ಆಮೇಲೆ ದಾವಣಗೆರೆಯ ಡಾಕ್ಟರ್ ಒಬ್ಬರ 2023ರ ಮ್ಯಾನುವಲ್ ಜಿಟಿ ಸಿಕ್ಕಿತು. ಒಬ್ಬರೇ ಮಾಲೀಕರು, 24 ಸಾವಿರ ಓಡಿತ್ತು, ಬೆಲ್ಟ್ ಕೊನೆ ತನಕ ಕಪ್ಪಗೆ ಸ್ವಚ್ಛ. ಕಂಪನಿ ವಾರಂಟಿಯೂ ಉಳಿದಿತ್ತು. 2023ರ ಏಪ್ರಿಲ್ ಆದ ಮೇಲೆ ತಯಾರಾದ ಕಾರೇ ಬೇಕು ಅಂತ ನಾನು ಹಟ ಹಿಡಿದಿದ್ದಕ್ಕೆ ಕಾರಣ ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಬರೋದು ಇ20, ಅಂದರೆ ನೂರಕ್ಕೆ 20 ಎಥನಾಲ್ ಬೆರೆಸಿದ ಪೆಟ್ರೋಲ್, ಆ ತಿಂಗಳಿಂದಾಚೆಯ ಕಾರುಗಳು ಅದಕ್ಕೆ ಹೊಂದಿಕೊಳ್ಳುವಂತೆ ಬಂದಿವೆ. ಹೊಸ ಬೆಲೆಯ ಕೊಟೇಶನ್ ಮುಂದಿಟ್ಟು ಮಾತಾಡಿದೆ. ಹನ್ನೆರಡೂವರೆ ಲಕ್ಷಕ್ಕೆ ಒಪ್ಪಿದರು.

ಕಾಗದದ ಕೆಲಸದಲ್ಲಿ ಎರಡು ಮಾತು ಮರೆಯಬೇಡಿ. ಕಾರನ್ನು ನಿಮ್ಮ ಹೆಸರಿಗೆ ಮಾಡಿಸೋ ಫಾರಂ 29, 30ಕ್ಕೆ ಮಾರುವವರ ಸಹಿ ಹಾಕಿಸುವಾಗಲೇ, ಅವರ ಸಾಲ ತೀರಿದ್ದರೆ ಬ್ಯಾಂಕಿನಿಂದ ಫಾರಂ 35 ಕೈಗೆ ತಗೊಳ್ಳಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸೋಕೆ ಅದು ಬೇಕು. ನಿಮ್ಮ ಹಳೇ ಕಾರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದದ್ದಕ್ಕೆ ಇನ್ಶೂರೆನ್ಸ್‌ನಲ್ಲಿ ಸಿಗೋ ರಿಯಾಯಿತಿ) ನಿಮ್ಮದು, ಕಾರಿನದ್ದಲ್ಲ. ಸ್ವಿಫ್ಟ್ ಮಾರುವಾಗ ಪತ್ರ ತಗೊಂಡಿದ್ದಕ್ಕೆ ಈ ಕಾರಿನ ಓನ್ ಡ್ಯಾಮೇಜ್ (ನಮ್ಮ ಕಾರಿಗೇ ಆಗೋ ಹಾನಿಯ) ಕಂತಿನಲ್ಲಿ ಅರ್ಧ ಉಳಿಯಿತು. ಹಳೇ ಕಾರಿನ ಸಾಲಕ್ಕೆ ಬಡ್ಡಿ ಜಾಸ್ತಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ದಿನಾ ಇದರಲ್ಲೇ ಡ್ಯೂಟಿ. ನಿಧಾನಕ್ಕೆ ಹೋಗುವಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾವಾಗೇ ಸುಮ್ಮನಾಗುತ್ತವೆ, ಲೀಟರಿಗೆ ಹದಿನೈದರ ಹತ್ತಿರ ಕೊಡುತ್ತದೆ. ಟಿಪ್ಪರ್ ಹಿಂದೆ ಸಿಕ್ಕಿಕೊಂಡಾಗ ಮೂರನೇ ಗೇರ್‌ಗೆ ಇಳಿಸಿ ಒತ್ತಿದರೆ ಕಣ್ಣು ಮುಚ್ಚಿ ತೆಗೆಯೋದರಲ್ಲಿ ರಸ್ತೆ ಖಾಲಿ. ಏರ್ ಫಿಲ್ಟರ್ ಮಾತ್ರ ಕಂಪನಿ ಹೇಳಿದ್ದಕ್ಕಿಂತ ಬೇಗ ಬದಲಿಸುತ್ತೇನೆ. ತೆಗೆದಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲಲ್ಲಿ ಓಡಿಸಿ ಬಂದ ಮೇಲೆ ಟರ್ಬೊ ಆರಲಿ ಅಂತ ಒಂದು ನಿಮಿಷ ಎಂಜಿನ್ ಆಫ್ ಮಾಡಲ್ಲ, ಅಮ್ಮ ಇಳಿಯೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹಿಡಿಯುತ್ತದೆ. ಮುಂದಿನ ತಿಂಗಳು ಟೈರ್ ಬದಲಿಸಬೇಕು. ಅಂಗಡಿಯವರು 17 ಇಂಚಿನ ಅಲಾಯ್ ತೋರಿಸಿ, "ಲುಕ್ ಬೇರೇನೇ ಬರ್ತದ ಅಣ್ಣಾ" ಅಂದರು. 205/55 ಆರ್16, ಅದನ್ನೇ ತರಿಸಿ ಅಂತ ಹೇಳಿ ಬಂದಿದ್ದೇನೆ.